ಓದಿದವನಿಗಲ್ಲ, ಕಟ್ಟಿದವನಿಗೇ ಗೊತ್ತು ಕಂಪ್ಯೂಟರ್!

ಸಂತೆಯಲ್ಲಿ ಸೊಪ್ಪು ಮಾರುವವಳ ಮಡಿಲಲ್ಲಿ ಮೊಬೈಲು. ಕಂಡಕ್ಟರನ ಕೈಯಲ್ಲಿ ಟಿಕೆಟು ಹೊರಗೆ ತಳ್ಳುವ ಯಂತ್ರ. ಕಿರಾಣಿ ಅಂಗಡಿಯ ಗಲ್ಲಾದ ಪಕ್ಕದಲ್ಲಿ ‘ಹಣ ಬಂತು’ ಅಂತ ಕೂಗಿ ಹೇಳುವ ಪುಟ್ಟ ಡಬ್ಬಿ. ಎಲ್ಲದರ ಹೊಟ್ಟೆಯಲ್ಲೂ ಉಗುರಿನಗಲದ ಒಂದು ಕರಿ ಬಿಲ್ಲೆ ಕೂತಿದೆ. ಲೆಕ್ಕ ಮಾಡುವುದು ಅದು, ಅಪ್ಪಣೆ ಕೊಡುವುದು ಅದು. ಅದರ ಹೆಸರು ಪ್ರೊಸೆಸರ್.

ಅದು ಹೇಗೆ ಕೆಲಸ ಮಾಡುತ್ತೆ ಅಂತ ಅಂಗಡಿಯವರನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಅದು ಅವರ ಕಸುಬಲ್ಲ, ಬಿಡಿ. ಆದರೆ ಅಪ್ಪನ ಸಾಲದ ದುಡ್ಡಿನಲ್ಲಿ ಫೀಸು ಕಟ್ಟಿ, ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಹೊರಬಂದವನನ್ನು ಕೇಳಿದರೆ? ಬಹಳ ಮಂದಿ ‘ಎಎಲ್‌ಯು, ರಿಜಿಸ್ಟರ್, ಕಂಟ್ರೋಲ್ ಯೂನಿಟ್’ ಅಂತ ಗಿಳಿಪಾಠ ಒಪ್ಪಿಸುತ್ತಾರೆ. ‘ಸರಿ ಮಾರಾಯ, ಆ ಎಎಲ್‌ಯು ಎರಡು ಅಂಕಿ ಕೂಡುವುದು ಹೇಗೆ?’ ಅಂತ ಮರುಪ್ರಶ್ನೆ ಹಾಕಿದರೆ ತಲೆ ಕೆರೆದುಕೊಳ್ಳುತ್ತಾರೆ.

ತಪ್ಪು ಅವರದಲ್ಲ. ಈಜು ಕಲಿಸುತ್ತೇವೆ ಅಂತ ಕರೆದುಕೊಂಡು ಹೋಗಿ, ಕಪ್ಪು ಹಲಗೆಯ ಮೇಲೆ ಬಾವಿಯ ಚಿತ್ರ ಬರೆದರೆ ಯಾರು ತಾನೇ ಈಜು ಕಲಿತಾರು?

ಈ ರೋಗಕ್ಕೆ ಮದ್ದಿಲ್ಲವೇ ಅಂದರೆ ಇದೆ. ಹಳೇ ಮದ್ದು, ಗುಣ ಗ್ಯಾರಂಟಿ. ಪ್ರೊಸೆಸರನ್ನು ಕೈಯಾರೆ ಕಟ್ಟುವುದು! ಕೇಳಿದರೆ ಗಾಬರಿಯಾಗಬಹುದು. ಆದರೆ ಹತ್ತಿರ ಹೋಗಿ ನೋಡಿದರೆ ಇದು ಮನೆ ಕಟ್ಟಿದಷ್ಟೂ ಕಷ್ಟವಲ್ಲ.

ಬೀಗ, ಬೆಲ್ಲು, ಮೆಟ್ಟಿಲ ದೀಪ

ಪ್ರೊಸೆಸರಿಗೆ ಗೊತ್ತಿರುವುದು ಎರಡೇ ಮಾತು. ಹೌದು, ಇಲ್ಲ. ತಂತಿಯಲ್ಲಿ ಕರೆಂಟು ಇದ್ದರೆ 1, ಇಲ್ಲದಿದ್ದರೆ 0. ಈ ಹೌದು-ಇಲ್ಲಗಳಿಗೆ ಒಂದು ಗಣಿತ ಕಟ್ಟಿಕೊಟ್ಟವನು ಇಂಗ್ಲೆಂಡಿನ ಜಾರ್ಜ್ ಬೂಲ್. ಬೂಟು ಹೊಲಿಯುವವನ ಮಗ, ಬಹುಪಾಲು ತಾನೇ ಓದಿ ಕಲಿತವನು. ಅವನ ಪುಸ್ತಕ ಬಂದದ್ದು 1854ರಲ್ಲಿ. ಆಗ ಮನೆ ಮನೆಗೆ ಕರೆಂಟು ಅನ್ನುವುದೇ ಇರಲಿಲ್ಲ. 1937ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕ್ಲಾಡ್ ಶಾನನ್ ಅನ್ನುವ 21ರ ಹುಡುಗ, ಬೂಲನ ಗಣಿತವನ್ನು ಸ್ವಿಚ್ಚುಗಳಿಂದಲೇ ಮಾಡಿ ತೋರಿಸಬಹುದು ಅಂತ ತನ್ನ ಪ್ರಬಂಧದಲ್ಲಿ ಬರೆದ. ಕಂಪ್ಯೂಟರಿನ ಅಸ್ತಿವಾರದ ಕಲ್ಲು ಬಿದ್ದದ್ದು ಅಲ್ಲಿ.

ಸ್ವಿಚ್ಚುಗಳಿಂದ ಗಣಿತವೇ? ಹೌದು ಸ್ವಾಮಿ. ಬ್ಯಾಂಕಿನ ಲಾಕರು ನೋಡಿ. ಮ್ಯಾನೇಜರ ಕೀಲಿಯೂ ಬೇಕು, ಗಿರಾಕಿಯ ಕೀಲಿಯೂ ಬೇಕು. ಎರಡೂ ಇದ್ದರೆ ಮಾತ್ರ ಬಾಗಿಲು ತೆಗೆಯುತ್ತೆ. ಇದು ‘ಆ್ಯಂಡ್’ ಗೇಟು. ಮನೆಯ ಕಾಲಿಂಗ್ ಬೆಲ್ಲಿಗೆ ಮುಂಬಾಗಿಲಲ್ಲೊಂದು, ಹಿತ್ತಲಲ್ಲೊಂದು ಗುಂಡಿ ಇಟ್ಟಿದ್ದರೆ ಯಾವುದನ್ನು ಒತ್ತಿದರೂ ಬೆಲ್ಲು ಬಡಿಯುತ್ತೆ. ಇದು ‘ಆರ್’ ಗೇಟು. ಸೂರ್ಯ ಬಂದರೆ ಆರುವ, ಸೂರ್ಯ ಹೋದರೆ ಹತ್ತುವ ಬೀದಿದೀಪ ‘ನಾಟ್’ ಗೇಟು.

ಇನ್ನು ಮಹಡಿ ಮೆಟ್ಟಿಲ ದೀಪ. ಕೆಳಗೊಂದು ಸ್ವಿಚ್ಚು, ಮೇಲೊಂದು. ಎರಡೂ ಒಂದೇ ಕಡೆ ವಾಲಿದ್ದರೆ ದೀಪ ಆರಿರುತ್ತೆ, ಬೇರೆ ಬೇರೆ ಕಡೆ ವಾಲಿದ್ದರೆ ಹತ್ತಿರುತ್ತೆ. ಇದು ‘ಎಕ್ಸ್‌ಆರ್’ ಗೇಟು. ದಿನಾ ರಾತ್ರಿ ಮೆಟ್ಟಿಲು ಹತ್ತುವಾಗ ಒತ್ತುವ ಈ ಸ್ವಿಚ್ಚಿನಲ್ಲೇ ಕೂಡುವ ಲೆಕ್ಕ ಅಡಗಿದೆ!

ಹೇಗೆ? ಸೊನ್ನೆಗೆ ಸೊನ್ನೆ ಕೂಡಿದರೆ ಸೊನ್ನೆ. ಸೊನ್ನೆಗೆ ಒಂದು ಕೂಡಿದರೆ ಒಂದು. ಒಂದಕ್ಕೆ ಒಂದು ಕೂಡಿದರೆ ಎರಡು, ಆದರೆ ಇಲ್ಲಿ ಎರಡು ಅನ್ನುವ ಅಂಕಿಯೇ ಇಲ್ಲ. ಹಾಗಾಗಿ ಒಂದನೇ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟ ಹಾಗೆ, ಸೊನ್ನೆ ಬರೆದು ಕೈಯಲ್ಲಿ ಒಂದು ಇಟ್ಟುಕೊಳ್ಳಬೇಕು. ಬರೆಯುವ ಅಂಕಿ ಮೆಟ್ಟಿಲ ದೀಪದ ಲೆಕ್ಕ. ಕೈಯಲ್ಲಿ ಉಳಿಯುವ ಒಂದು ಬ್ಯಾಂಕ್ ಲಾಕರಿನ ಲೆಕ್ಕ. ಕೈಯಲ್ಲಿ ಉಳಿದದ್ದನ್ನು ಪಕ್ಕದ ಮನೆಗೆ ದಾಟಿಸುವ ಏರ್ಪಾಡು ಮಾಡಿ, ಇಂಥವನ್ನು ಎಂಟು ಸಾಲಾಗಿ ಜೋಡಿಸಿದರೆ 255ರವರೆಗೆ ಲೆಕ್ಕ ಹಿಡಿಯುವ ಯಂತ್ರ ಸಿದ್ಧ. ಪುಸ್ತಕದಲ್ಲಿ ‘ಎಎಲ್‌ಯು’ ಅಂತ ಹೆದರಿಸುವುದು ಇದನ್ನೇ.

ಹದಿನಾರು ಗೂಡಿನ ಅಂಗಡಿ

ಕೂಡುವ ಯಂತ್ರವೊಂದೇ ಕಂಪ್ಯೂಟರಾಗುವುದಿಲ್ಲ. ಏನನ್ನು ಕೂಡಬೇಕು, ಯಾವಾಗ ಕೂಡಬೇಕು, ಕೂಡಿದ್ದನ್ನು ಎಲ್ಲಿಡಬೇಕು ಅಂತ ಹೇಳುವವರು ಬೇಡವೇ? ಇದನ್ನೆಲ್ಲ ಕಲಿಯುವವನಿಗಾಗಿ ಅಳೆದು ಸುರಿದು ಒಂದು ಪುಟ್ಟ ಯಂತ್ರ ಮಾಡಿಕೊಟ್ಟವನು ಅಮೆರಿಕದ ಆಲ್ಬರ್ಟ್ ಪಾಲ್ ಮಾಲ್ವಿನೋ. ‘ಡಿಜಿಟಲ್ ಕಂಪ್ಯೂಟರ್ ಎಲೆಕ್ಟ್ರಾನಿಕ್ಸ್’ ಅನ್ನುವ ಅವನ ಪುಸ್ತಕ ಬಂದದ್ದು 1977ರಲ್ಲಿ. ಅದರಲ್ಲಿನ ಯಂತ್ರದ ಹೆಸರು ಸ್ಯಾಪ್-1. ಅಂದರೆ ಎಷ್ಟು ಸರಳವಾಗಬಹುದೋ ಅಷ್ಟು ಸರಳ ಅಂತ ಅರ್ಥ. ಭಾರತದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಮಾಲ್ವಿನೋ ಪರಿಚಯದ ಹೆಸರೇ.

ಈ ಯಂತ್ರವನ್ನು ಕಿರಾಣಿ ಅಂಗಡಿಯ ಕಣ್ಣಲ್ಲಿ ನೋಡಿದರೆ ಬೇಗ ಅರ್ಥವಾಗುತ್ತೆ. ಗೋಡೆಗೆ 16 ಗೂಡುಗಳ ಒಂದು ಬೀರು. ಅದು ಮೆಮೊರಿ. ಗೂಡುಗಳ ನಂಬರು 0ಯಿಂದ 15. ಯಜಮಾನನ ಮುಂದೆ ಎರಡು ಸ್ಲೇಟು, ಎ ಮತ್ತು ಬಿ. ಅವು ರಿಜಿಸ್ಟರುಗಳು. ಎಷ್ಟನೇ ಚೀಟಿ ಓದಬೇಕು ಅಂತ ನೆನಪಿಟ್ಟುಕೊಳ್ಳುವ ಒಂದು ಎಣಿಕೆ ಮಣಿ. ಅದು ಪ್ರೋಗ್ರಾಂ ಕೌಂಟರು. ಯಜಮಾನನೇ ಕಂಟ್ರೋಲ್ ಯೂನಿಟ್. ಅವನ ಕೈಯಲ್ಲಿ 12 ದಾರಗಳಿವೆ. ಯಾವ ದಾರ ಎಳೆದರೆ ಯಾರು ಕೆಲಸ ಮಾಡಬೇಕು ಅನ್ನುವುದು ಮೊದಲೇ ಗೊತ್ತುಪಡಿಸಿದ್ದು. ಅವನಿಗೆ ತಿಳಿದಿರುವ ಅಪ್ಪಣೆಗಳು ಐದೇ ಐದು. ತಗೋ, ಕೂಡು, ಕಳೆ, ತೋರಿಸು, ನಿಲ್ಲು.

ಇಷ್ಟು ಮಂದಿಯ ನಡುವೆ ಸರಕು ಸಾಗಿಸುವುದಕ್ಕೆ ಎಂಟು ತಂತಿಗಳ ಒಂದು ಹಾದಿ. ಅದರ ಹೆಸರು ಏನು ಗೊತ್ತೇ? ಬಸ್! ತಮಾಷೆಯಲ್ಲ. ರಸ್ತೆ ಮೇಲಿನ ಬಸ್ಸೂ, ಕಂಪ್ಯೂಟರಿನೊಳಗಿನ ಬಸ್ಸೂ ‘ಎಲ್ಲರಿಗಾಗಿ’ ಅನ್ನುವ ಅರ್ಥದ ಲ್ಯಾಟಿನ್ನಿನ ಒಂದೇ ಪದದಿಂದ ಬಂದವು. ಆದರೆ ಈ ಬಸ್ಸಿನ ಕಾನೂನು ಕಟ್ಟುನಿಟ್ಟು. ಒಂದು ಹೊತ್ತಿಗೆ ಒಬ್ಬರೇ ಹತ್ತಬೇಕು. ಇಳಿಸಿಕೊಳ್ಳುವವರು ಎಷ್ಟು ಜನರಾದರೂ ಇರಬಹುದು. ಇಬ್ಬರು ಒಟ್ಟಿಗೆ ನುಗ್ಗಿದರೆ ಜಗಳ, ಬಿಲ್ಲೆ ಬಿಸಿಯಾಗಿ ಸುಟ್ಟರೂ ಸುಟ್ಟಿತೇ.

ಇನ್ನು ಬಸ್ಸಿದ್ದ ಮೇಲೆ ಕಂಡಕ್ಟರ್ ಬೇಕಲ್ಲ? ಆತ ‘ರೈಟ್’ ಅಂದಾಗ ಮಾತ್ರ ಒಂದು ಹೆಜ್ಜೆ ಮುಂದೆ. ಕಂಪ್ಯೂಟರಿನಲ್ಲಿ ಈ ‘ರೈಟ್, ರೈಟ್’ ಅನ್ನುವ ಕೆಲಸ ಕ್ಲಾಕಿನದು. ಮೊಬೈಲಿನಲ್ಲಿ ಅದು ಸೆಕೆಂಡಿಗೆ 200 ಕೋಟಿಗೂ ಹೆಚ್ಚು ಸಲ ‘ರೈಟ್’ ಅನ್ನಬಲ್ಲದು. ಕಲಿಯುವವನ ಮೇಜಿನ ಮೇಲೆ ಅದನ್ನು ಸೆಕೆಂಡಿಗೆ ಒಂದು ಸಲಕ್ಕೆ ಇಳಿಸಬಹುದು. ಅಥವಾ ಒಂದು ಗುಂಡಿ ಒತ್ತಿದರೆ ಒಂದೇ ಹೆಜ್ಜೆ ಅಂತ ಮಾಡಿಕೊಳ್ಳಬಹುದು. ಪಾಠವೆಲ್ಲ ಇರುವುದು ಈ ನಿಧಾನದಲ್ಲೇ.

35ಕ್ಕೆ 27 ಕೂಡಿಸು

ಅಂಗಡಿಗೆ ಗಿರಾಕಿ ಬಂದ. ಸಕ್ಕರೆಗೆ 35 ರೂಪಾಯಿ, ಬೆಲ್ಲಕ್ಕೆ 27 ಅಂತಿಟ್ಟುಕೊಳ್ಳಿ. ಹದಿನಾಲ್ಕನೇ ಗೂಡಿನಲ್ಲಿ 35 ಇಡಬೇಕು. ಯಂತ್ರದ ಭಾಷೆಯಲ್ಲಿ ಅದು 00100011. ಹದಿನೈದನೇ ಗೂಡಿನಲ್ಲಿ 27, ಅಂದರೆ 00011011. ಮೊದಲ ನಾಲ್ಕು ಗೂಡುಗಳಲ್ಲಿ ನಾಲ್ಕು ಚೀಟಿ. ‘14ರಲ್ಲಿದ್ದದ್ದು ತಗೋ’, ‘15ರಲ್ಲಿದ್ದದ್ದು ಕೂಡು’, ‘ತೋರಿಸು’, ‘ನಿಲ್ಲು’. ಇದೇ ಪ್ರೋಗ್ರಾಂ. ಚೀಟಿಯೂ ಅಂಕಿಯೇ. ‘15ರಲ್ಲಿದ್ದದ್ದು ಕೂಡು’ ಅನ್ನುವುದು 0001 1111. ಮೊದಲ ನಾಲ್ಕಂಕಿ ಅಪ್ಪಣೆ, ಕೊನೆಯ ನಾಲ್ಕಂಕಿ ಗೂಡಿನ ನಂಬರು.

ಈಗ ಗುಂಡಿ ಒತ್ತುತ್ತಾ ಹೋಗುವುದು. ಒಂದು ಅಪ್ಪಣೆಗೆ ಆರು ಹೆಜ್ಜೆ. ಮೊದಲ ಹೆಜ್ಜೆಯಲ್ಲಿ ಎಷ್ಟನೇ ಚೀಟಿ ಅಂತ ಬೀರುವಿಗೆ ತಿಳಿಸುವುದು. ಎರಡನೆಯದರಲ್ಲಿ ಎಣಿಕೆ ಮಣಿ ಒಂದು ಮುಂದೆ. ಮೂರನೆಯದರಲ್ಲಿ ಚೀಟಿ ಯಜಮಾನನ ಕೈಗೆ. ಚೀಟಿ ಯಾವುದೇ ಇರಲಿ, ಈ ಮೂರು ತಪ್ಪಿದ್ದಲ್ಲ. ಉಳಿದ ಮೂರು ಹೆಜ್ಜೆ ಚೀಟಿಯ ಮೇಲೆ ಬರೆದ ಕೆಲಸಕ್ಕೆ. ‘ಕೂಡು’ ಅಂತಿದ್ದರೆ ನಾಲ್ಕನೆಯದರಲ್ಲಿ ಗೂಡಿನ ನಂಬರು ಬೀರುವಿಗೆ, ಐದರಲ್ಲಿ ಆ ಗೂಡಿನ ಅಂಕಿ ಬಿ ಸ್ಲೇಟಿಗೆ, ಆರರಲ್ಲಿ ಕೂಡಿದ ಮೊತ್ತ ಎ ಸ್ಲೇಟಿಗೆ. ಒಂದೊಂದು ಹೆಜ್ಜೆಗೂ ಪುಟ್ಟ ದೀಪಗಳು ಹತ್ತಿ ಆರುತ್ತವೆ. ಮೂರು ಚೀಟಿ ಮುಗಿಯುವಾಗ 18 ಹೆಜ್ಜೆ. ಕೊನೆಗೆ ದೀಪದ ಸಾಲಿನಲ್ಲಿ 00111110. ಅದು 62. ಗಿರಾಕಿಯ ಬಿಲ್ಲು ಸರಿ!

‘ಅಯ್ಯೋ, 62 ಅಂತ ಹೇಳೋದಕ್ಕೆ ಇಷ್ಟೆಲ್ಲಾ ಬೇಕಾ? ಅಂಗಡಿ ಹುಡುಗ ಬಾಯಲ್ಲೇ ಹೇಳ್ತಾನೆ’ ಅಂತ ನಗಬಹುದು. ನಗಲಿ. ಆದರೆ ಮೊಬೈಲಿನಲ್ಲಿ ಸಿನಿಮಾ ಓಡುವುದೂ, ರೈಲಿನ ಸೀಟು ಸಿಗುವುದೂ, ಖಾತೆಯಿಂದ ಖಾತೆಗೆ ದುಡ್ಡು ಹಾರುವುದೂ ಇದೇ ‘ತಗೋ, ಕೂಡು, ತೋರಿಸು’ ಜಾತಿಯ ಚೀಟಿಗಳನ್ನು ಕೋಟಿಗಟ್ಟಲೆ ಸಲ ಓದಿಯೇ. ಅಲ್ಲಿ ಚೀಟಿಗಳ ಬಗೆ ಹೆಚ್ಚು, ಗೂಡುಗಳು ಹೆಚ್ಚು, ಓಟ ಜಾಸ್ತಿ. ಬೇರು ಒಂದೇ.

ಕಳೆಯುವ ಲೆಕ್ಕ ಇನ್ನೂ ಮಜವಾಗಿದೆ. ಗಿರಾಕಿ 73 ರೂಪಾಯಿ ಸಾಮಾನಿಗೆ 100ರ ನೋಟು ಕೊಟ್ಟರೆ ಹಳೇ ಅಂಗಡಿಯವರು ಕಳೆಯುವುದಿಲ್ಲ. ‘ಎಪ್ಪತ್ಮೂರು, ಇಗೋ ಎಪ್ಪತ್ನಾಲ್ಕು, ಎಪ್ಪತ್ತೈದು, ಎಂಬತ್ತು, ತೊಂಬತ್ತು, ನೂರು’ ಅಂತ ಕೂಡುತ್ತಾ ಚಿಲ್ಲರೆ ಎಣಿಸುತ್ತಾರೆ. ಪ್ರೊಸೆಸರಿನ ಯುಕ್ತಿಯೂ ಹೆಚ್ಚುಕಮ್ಮಿ ಇದೇ. ಕಳೆಯುವುದಕ್ಕೆ ಅದು ಬೇರೆ ಯಂತ್ರ ಇಟ್ಟಿಲ್ಲ. ಕಳೆಯಬೇಕಾದ ಸಂಖ್ಯೆಯ ಸೊನ್ನೆಗಳನ್ನೆಲ್ಲ ಒಂದು ಮಾಡಿ, ಒಂದುಗಳನ್ನೆಲ್ಲ ಸೊನ್ನೆ ಮಾಡಿ, ಮೇಲೊಂದು ಸೇರಿಸಿ ಕೂಡಿಬಿಡುತ್ತೆ. ಉತ್ತರ ತಾನಾಗಿ ಬರುತ್ತೆ. ಮಗುಚಿ ಹಾಕುವ ಕೆಲಸ ಮಾಡುವುದು ಅದೇ ಮೆಟ್ಟಿಲ ದೀಪದ ಗೇಟು!

ತಪ್ಪೇ ಮೇಷ್ಟ್ರು

ಇದನ್ನು ಕಟ್ಟುವುದಕ್ಕೆ ಬೇಕಾದ ಸಾಮಾನು ಅಪರೂಪದ್ದೇನಲ್ಲ. ತೂತು ತೂತಿನ ಬ್ರೆಡ್‌ಬೋರ್ಡುಗಳು, 5 ವೋಲ್ಟಿನ ಕರೆಂಟು, ಬಣ್ಣದ ತಂತಿ, ಎಲ್‌ಇಡಿ ದೀಪ, ಜೊತೆಗೆ 74ರ ಸರಣಿಯ ಬಿಲ್ಲೆಗಳು. 7400 ಅನ್ನುವ ಬಿಲ್ಲೆಗೆ 14 ಕಾಲು, ಹೊಟ್ಟೆಯಲ್ಲಿ ನಾಲ್ಕು ‘ನ್ಯಾಂಡ್’ ಗೇಟು. ನ್ಯಾಂಡ್ ಅಂದರೆ ಆ್ಯಂಡಿನ ಉತ್ತರವನ್ನು ಉಲ್ಟಾ ಮಾಡುವುದು. ಈ ಒಂದೇ ಬಗೆಯ ಗೇಟಿನಿಂದ ಉಳಿದ ಎಲ್ಲ ಗೇಟುಗಳನ್ನೂ ಮಾಡಿಕೊಳ್ಳಬಹುದು. ಒಂದೇ ಅಚ್ಚಿನ ಇಟ್ಟಿಗೆಯಿಂದ ಗುಡಿಯನ್ನೂ ಕಟ್ಟಬಹುದು, ಗೋಡೌನನ್ನೂ ಕಟ್ಟಬಹುದು ಅಂದ ಹಾಗೆ. ಈ ಮಾತನ್ನೇ ಹಿಡಿದು ಇಸ್ರೇಲಿನ ನೋಮ್ ನಿಸಾನ್, ಶಿಮೋನ್ ಶಾಕೆನ್ ಅನ್ನುವ ಇಬ್ಬರು ಪ್ರಾಧ್ಯಾಪಕರು ಬರೆದ ಪಠ್ಯಪುಸ್ತಕ 2005ರಲ್ಲಿ ಬಂತು. ವಿದ್ಯಾರ್ಥಿ ನ್ಯಾಂಡ್ ಗೇಟಿನಿಂದ ಶುರುಮಾಡಿ, ಪುಸ್ತಕ ಮುಗಿಯುವ ಹೊತ್ತಿಗೆ 16 ಬಿಟ್ಟಿನ ಇಡೀ ಕಂಪ್ಯೂಟರನ್ನು ತಾನೇ ಕಟ್ಟಿರುತ್ತಾನೆ.

ಸಾಮಾನು ತಂದು ಪುಸ್ತಕ ನೋಡಿ ಚುಚ್ಚಿದರೆ ಆಯ್ತೇ? ಆಗಲ್ಲ. ಮೊದಲ ಸಲ ಯಾರದ್ದೂ ನಡೆಯುವುದಿಲ್ಲ. ನಡೆಯದಿರುವುದೇ ಒಳ್ಳೆಯದು!

ಒಂದು ತಂತಿ ಸಡಿಲವಾಗಿರುತ್ತೆ. ಬಿಲ್ಲೆಯ ಒಂದು ಕಾಲನ್ನು ಎಲ್ಲಿಗೂ ಸೇರಿಸದೆ ಬಿಟ್ಟಿರುತ್ತಾನೆ. ಸೇರಿಸದ ಕಾಲು ಸೊನ್ನೆ ಅಂದುಕೊಂಡಿದ್ದರೆ ಅದು ಬಹುತೇಕ ಒಂದು ಅಂತ ಓದಿಕೊಳ್ಳುತ್ತೆ, ಅದರ ಮೇಲೂ ಭರವಸೆ ಇಡುವ ಹಾಗಿಲ್ಲ. ಬಸ್ಸಿಗೆ ಇಬ್ಬರು ಒಟ್ಟಿಗೆ ಹತ್ತಿರುತ್ತಾರೆ. ಬಿಲ್ಲೆಗಳ ಪಕ್ಕ ಇಡಬೇಕಾದ ಪುಟ್ಟ ಕೆಪಾಸಿಟರುಗಳನ್ನು ಮರೆತು, ಎಲ್ಲ ಬಿಲ್ಲೆಗಳೂ ಒಟ್ಟಿಗೆ ಕರೆಂಟು ಎಳೆದ ಗಳಿಗೆಯಲ್ಲಿ ವೋಲ್ಟೇಜು ಕುಸಿದು ಸ್ಲೇಟಿನ ಮೇಲಿನ ಅಂಕಿ ಅಳಿಸಿಹೋಗಿರುತ್ತೆ. ಬೇಸಿಗೆಯ ಸಂಜೆ ಬೀದಿಯವರೆಲ್ಲ ಒಟ್ಟಿಗೆ ಪಂಪು ಹಾಕಿದಾಗ ದೀಪ ಮಂಕಾಗುತ್ತಲ್ಲ, ಹಾಗೆ.

ಆಗ ಆ ಹುಡುಗ ಅಥವಾ ಹುಡುಗಿ ಏನು ಮಾಡಬೇಕು? ಪುಸ್ತಕದಲ್ಲಿ ಉತ್ತರ ಇಲ್ಲ. ಮೀಟರು ಹಿಡಿದು ತಂತಿ ತಂತಿಯನ್ನೂ ಕೇಳಬೇಕು. ಈ ಹೆಜ್ಜೆಯಲ್ಲಿ ಇಲ್ಲಿ ಒಂದು ಇರಬೇಕಿತ್ತು, ಸೊನ್ನೆ ಯಾಕಿದೆ? ಹಾಗೆ ಹುಡುಕುತ್ತಾ ಹೋದವರಿಗೆ ಯಂತ್ರದ ಮೂಲೆ ಮೂಲೆಯೂ ಬಾಯಿಪಾಠವಿಲ್ಲದೆ ತಲೆಯೊಳಗೆ ಇಳಿಯುತ್ತೆ. ಸೈಕಲ್ ಷಾಪಿನ ಹುಡುಗನಿಗೆ ಸೈಕಲ್ ಗೊತ್ತಾದದ್ದು ಹೊಸ ಸೈಕಲ್ಲಿನಿಂದಲ್ಲ, ಕೆಟ್ಟ ಸೈಕಲ್ಲಿನಿಂದ.

ಯಂತ್ರದ ಮಿತಿಯೂ ಹಾಗೇ ಕಾಣುತ್ತೆ. 200ಕ್ಕೆ 100 ಕೂಡಿಸಿದರೆ ಎಂಟು ಬಿಟ್ಟಿನ ಸ್ಲೇಟು 44 ಅಂತ ತೋರಿಸುತ್ತೆ! ಯಾಕೆಂದರೆ 255 ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಎಣಿಕೆ. 300ರಲ್ಲಿ 256 ಬಿದ್ದುಹೋಗಿ ಉಳಿದದ್ದು 44. ಬಿಲ್ಲು ಹೀಗೆ ಬಂದರೆ ಅಂಗಡಿ ದಿವಾಳಿ. ‘ಓವರ್‌ಫ್ಲೋ’ ಅನ್ನುವ ಪದವನ್ನು ಹತ್ತು ಸಲ ಬರೆದವನು ಮರೆಯಬಹುದು. 44 ಅನ್ನು ಕಣ್ಣಾರೆ ಕಂಡವನು ಸಾಯುವ ತನಕ ಮರೆಯಲ್ಲ.

ಮುಂಬಯಿಯಲ್ಲಿ ಕಟ್ಟಿ ಕಲಿತವರು

ಕಟ್ಟಿ ಕಲಿಯುವುದು ವಿದೇಶದ ಫ್ಯಾಷನ್ನು ಅಂದುಕೊಳ್ಳಬೇಡಿ. ಭಾರತದಲ್ಲಿ ಕಂಪ್ಯೂಟರ್ ವಿದ್ಯೆ ಬೇರುಬಿಟ್ಟದ್ದೇ ಹೀಗೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ಮುಂದಾಳತ್ವದಲ್ಲಿ ಕೆಲವು ತರುಣರು ಒಂದು ಕಂಪ್ಯೂಟರ್ ಕಟ್ಟಲು ಕೂತರು. ಹಿಂದೆ ಕಂಪ್ಯೂಟರ್ ಕಟ್ಟಿದ ಅನುಭವ ಆ ತರುಣರಿಗೆ ಇರಲಿಲ್ಲ. ಮೊದಲು ಒಂದು ಸಣ್ಣ ಮಾದರಿ ಮಾಡಿದರು, 1956ರ ಹೊತ್ತಿಗೆ ಅದು ನಡೆಯಿತು. ಆ ಧೈರ್ಯದ ಮೇಲೆ ದೊಡ್ಡದಕ್ಕೆ ಕೈಹಾಕಿದರು. 1960ರಲ್ಲಿ ಅದು ಕೆಲಸಕ್ಕೆ ಬಂತು. ಸುಮಾರು 2,700 ವಾಲ್ವುಗಳು, 2,048 ಗೂಡುಗಳ ಮೆಮೊರಿ, ಗೂಡೊಂದಕ್ಕೆ 40 ಬಿಟ್ಟು. ಉಕ್ಕಿನ ಬೀರುಗಳ ಸಾಲೇ ಒಂದು ಕೋಣೆ ತುಂಬಿತ್ತು. 1962ರಲ್ಲಿ ಪ್ರಧಾನಿ ನೆಹರೂ ಅದಕ್ಕೆ ‘ಟಿಫ್ರ್ಯಾಕ್’ ಅಂತ ನಾಮಕರಣ ಮಾಡಿದರು.

ಹೊರಗಿನಿಂದ ತರಿಸಿದ ವೇಗದ ಯಂತ್ರಗಳ ಮುಂದೆ ಟಿಫ್ರ್ಯಾಕ್ ಬೇಗ ಹಳತಾಯಿತು ನಿಜ. ಯಂತ್ರ ಹಳತಾಯಿತು, ಕಟ್ಟಿದವರ ವಿದ್ಯೆ ಹಳತಾಗಲಿಲ್ಲ. ಕೊಂಡು ತಂದ ಯಂತ್ರ ಲೆಕ್ಕ ಮಾಡಿಕೊಟ್ಟೀತು. ಕಟ್ಟಿದ ಯಂತ್ರ ಮನುಷ್ಯರನ್ನೇ ಮಾಡಿಕೊಡುತ್ತೆ.

ಕ್ಲಾಸಿನಲ್ಲಿ ಹುಟ್ಟಿದ ಚಿಪ್ಪು

1980ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪ್ಯಾಟರ್ಸನ್, ಕಾರ್ಲೋ ಸೆಕ್ವಿನ್ ಅನ್ನುವ ಇಬ್ಬರು ಮೇಷ್ಟ್ರುಗಳು ಸ್ನಾತಕೋತ್ತರ ಕ್ಲಾಸಿನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹಚ್ಚಿದರು. ಪ್ರೊಸೆಸರಿನ ಬಗ್ಗೆ ಪರೀಕ್ಷೆ ಬರೆಯುವುದಲ್ಲ, ಪ್ರೊಸೆಸರನ್ನೇ ವಿನ್ಯಾಸ ಮಾಡುವುದು. ಆಗಿನ ದೊಡ್ಡ ಕಂಪನಿಗಳು ಅಪ್ಪಣೆಗಳ ಪಟ್ಟಿಯನ್ನು ಉದ್ದ ಮಾಡುತ್ತಾ ಹೊರಟಿದ್ದವು. ವಿದ್ಯಾರ್ಥಿಗಳು ಪಟ್ಟಿಯನ್ನು 31ಕ್ಕೆ ಇಳಿಸಿದರು. ಮೋಟೊರೋಲಾ ಕಂಪನಿಯ ಹೆಸರಾಂತ 68000 ಚಿಪ್ಪಿನಲ್ಲಿ ಸುಮಾರು 68,000 ಟ್ರಾನ್ಸಿಸ್ಟರುಗಳಿದ್ದರೆ, ಈ ‘ರಿಸ್ಕ್-1’ ಚಿಪ್ಪಿಗೆ ಸುಮಾರು 44,000 ಸಾಕಾದವು. ಅಪ್ಪಣೆ ಕಡಿಮೆ ಇರಲಿ, ಒಂದೊಂದೂ ಚುರುಕಾಗಿ ಓಡಲಿ ಅನ್ನುವ ಈ ದಾರಿಯನ್ನೇ ಸ್ಟ್ಯಾನ್‌ಫರ್ಡಿನಲ್ಲಿ ಜಾನ್ ಹೆನೆಸಿಯೂ ತನ್ನ ವಿದ್ಯಾರ್ಥಿಗಳೊಡನೆ ಹಿಡಿದಿದ್ದರು. ಪ್ಯಾಟರ್ಸನ್ ಮತ್ತು ಹೆನೆಸಿಗೆ 2017ರ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂತು. ಇವತ್ತು ಲೋಕದ ಅನೇಕ ಕಾಲೇಜುಗಳಲ್ಲಿ ಕಂಪ್ಯೂಟರ್ ಆರ್ಗನೈಜೇಷನ್ ಪಾಠ ನಡೆಯುವುದು ಇವರಿಬ್ಬರ ಪುಸ್ತಕದಿಂದ.

ಇನ್ನೊಂದು ಕಥೆ ಇಂಗ್ಲೆಂಡಿನದು. ಕೇಂಬ್ರಿಡ್ಜಿನ ಏಕಾರ್ನ್ ಅನ್ನುವ ಸಣ್ಣ ಕಂಪನಿಗೆ ತನ್ನ ಮುಂದಿನ ಕಂಪ್ಯೂಟರಿಗೆ ಒಪ್ಪುವ ಪ್ರೊಸೆಸರ್ ಸಿಗಲಿಲ್ಲ. ಅಲ್ಲಿನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅಮೆರಿಕಕ್ಕೆ ಹೋಗಿ ಒಂದು ಹೆಸರಾಂತ ಪ್ರೊಸೆಸರ್ ಮನೆಯನ್ನು ನೋಡಿದರು. ನೂರಾರು ಜನ, ಭಾರಿ ಕಾರ್ಖಾನೆ ಇರುತ್ತೆ ಅಂದುಕೊಂಡವರಿಗೆ ಅಲ್ಲಿ ಕಂಡದ್ದು ಒಂದು ಬಂಗಲೆ, ಬೆರಳೆಣಿಕೆಯ ಜನ. ‘ಇವರು ಮಾಡಬಹುದಾದರೆ ಏಕಾರ್ನ್ ಯಾಕೆ ಮಾಡಬಾರದು’ ಅನ್ನುವ ಧೈರ್ಯ ಹುಟ್ಟಿತು. 1983ರಲ್ಲಿ ಕೆಲಸ ಶುರು. ಅಪ್ಪಣೆಗಳ ಪಟ್ಟಿ ವಿಲ್ಸನ್ ಅವರದು, ಚಿಪ್ಪಿನ ವಿನ್ಯಾಸ ಫರ್ಬರ್ ಅವರದು. 1985ರ ಏಪ್ರಿಲ್ 26ರಂದು ಚಿಪ್ಪು ಕೈಸೇರಿತು. ಸುಮಾರು 25,000 ಟ್ರಾನ್ಸಿಸ್ಟರು. ಹಾಕಿದ ದಿನವೇ ಓಡಿತು!

ಮುಂದಿನದು ಇನ್ನೂ ಸ್ವಾರಸ್ಯ. ಚಿಪ್ಪು ಎಷ್ಟು ಕರೆಂಟು ಎಳೆಯುತ್ತೆ ಅಂತ ಅಳೆಯಹೋದರೆ ಮೀಟರಿನಲ್ಲಿ ಸೊನ್ನೆ. ನೋಡಿದರೆ ಅದಕ್ಕೆ ಕರೆಂಟಿನ ತಂತಿಯನ್ನೇ ಕೊಟ್ಟಿರಲಿಲ್ಲ. ಪಕ್ಕದ ತಂತಿಗಳಿಂದ ಸೋರಿ ಬಂದ ಎಂಜಲು ಕರೆಂಟಿನಲ್ಲೇ ಅದು ಓಡುತ್ತಿತ್ತು. ಅದೇ ಆರ್ಮ್ ಪ್ರೊಸೆಸರು. ಬ್ಯಾಟರಿಯ ಮೇಲೆ ಓಡಬೇಕಾದ ಮೊಬೈಲಿಗೆ ಇಂಥ ಮಿತಾಹಾರಿಯೇ ಬೇಕಾಗಿತ್ತು. ಇವತ್ತು ಬಸ್ಸಿನಲ್ಲಿ ಕೂತವರ ಕಿಸೆಯ ಸ್ಮಾರ್ಟ್‌ಫೋನುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಅದೇ ವಂಶದವು.

ಇಲ್ಲಿನ ಮಕ್ಕಳಿಗೆ ಏನು?

74ರ ಸರಣಿಯ ಬಿಲ್ಲೆಗಳನ್ನು ಜಗತ್ತಿಗೆ ಕೊಟ್ಟ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಉಪಗ್ರಹದ ಮೂಲಕ ಮಾತಾಡುವ ಅದರ ಸಲಕರಣೆ ಎತ್ತಿನ ಗಾಡಿಯಲ್ಲಿ ಸಾಗಿ ಬಂದದ್ದು ಹೆಸರಾದ ಕಥೆ. ಅದರ ಹಿಂದೆ ಸಾಲು ಸಾಲಾಗಿ ಬಂದ ಚಿಪ್ ವಿನ್ಯಾಸದ ಕಂಪನಿಗಳಿಂದ ಬೆಂಗಳೂರು ತುಂಬಿದೆ. ಅಲ್ಲಿಗೆ ಕೆಲಸ ಕೇಳಿಕೊಂಡು ಹೋಗುವವರು ಜಿಲ್ಲೆ ಜಿಲ್ಲೆಗಳ ಕಾಲೇಜಿನ ಮಕ್ಕಳು. 1998ರಲ್ಲಿ ಬೆಳಗಾವಿಯಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ಡಿಜಿಟಲ್ ವಿನ್ಯಾಸವೂ ಇದೆ, ಕಂಪ್ಯೂಟರ್ ಆರ್ಗನೈಜೇಷನ್ನೂ ಇದೆ. ವಿಷಯ ಇಲ್ಲದ್ದಲ್ಲ ತೊಂದರೆ. ಎರಡನ್ನೂ ಹೊಲಿಯುವ ದಾರ ಇಲ್ಲದ್ದು ತೊಂದರೆ. ಒಂದು ಕಡೆ ಗೇಟು ಕಲಿತು ಮರೆಯುತ್ತಾರೆ, ಇನ್ನೊಂದು ಕಡೆ ಪ್ರೊಸೆಸರ್ ಉರುಹೊಡೆದು ಬರೆಯುತ್ತಾರೆ. ಗೇಟಿನಿಂದಲೇ ಪ್ರೊಸೆಸರ್ ಆಗುತ್ತೆ ಅನ್ನುವುದನ್ನು ಕೈ ಮುಟ್ಟಿ ನೋಡುವುದೇ ಇಲ್ಲ. ಲ್ಯಾಬಿನಲ್ಲಿ ಹೋದ ವರ್ಷದ ರೆಕಾರ್ಡು ಈ ವರ್ಷಕ್ಕೆ ನಕಲಾಗುತ್ತೆ. ರೆಕಾರ್ಡಿಗೆ ಮಾರ್ಕು, ಮಾರ್ಕಿಗೆ ಡಿಗ್ರಿ. ಸಂದರ್ಶನದಲ್ಲಿ ಕುಳಿತಾಗ ಗೊತ್ತಾಗುತ್ತೆ ಬಣ್ಣ.

ಸರ್ಕಾರದ ಮಾತು ಕೇಳಿದರೆ ಕೆಲಸಕ್ಕೆ ಬರವಿಲ್ಲ. ಚಿಪ್ಪುಗಳನ್ನು ಇಲ್ಲೇ ಮಾಡಬೇಕು ಅಂತ ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಯ ಯೋಜನೆ ಸಾರಿತು. ಚಿಪ್ ವಿನ್ಯಾಸಕ್ಕೆ 85,000 ಇಂಜಿನಿಯರುಗಳನ್ನು ತಯಾರು ಮಾಡುವ ಗುರಿ ಇನ್ನೊಂದು ಕಾರ್ಯಕ್ರಮದ್ದು. ಆದರೆ ಇಷ್ಟು ಜನ ಬರುವುದು ಎಲ್ಲಿಂದ? ರೆಕಾರ್ಡು ನಕಲು ಮಾಡಿದವರಿಂದಲೇ?

ಆಗದ ಕೆಲಸವೇನಲ್ಲ. ಶಕ್ತಿ ಅಂದರೆ ಬಸ್ಸಿಗೆ ಬರುವ ಹೆಂಗಸರಿಗೆಲ್ಲ ಗೊತ್ತು, 2023ರಲ್ಲಿ ಶುರುವಾದ ಪುಕ್ಕಟೆ ಪ್ರಯಾಣದ ಯೋಜನೆ. ಅದೇ ಹೆಸರಿನ ಪ್ರೊಸೆಸರೂ ಇದೆ! ಚೆನ್ನೈನ ಐಐಟಿಯವರು ವಿನ್ಯಾಸ ಮಾಡಿದ ‘ಶಕ್ತಿ’. ಅದರ ಒಂದು ಚಿಪ್ಪು 2018ರಲ್ಲಿ ಚಂಡೀಗಢದ ಸರ್ಕಾರಿ ಕಾರ್ಖಾನೆಯಲ್ಲೇ ಅಚ್ಚಾಯಿತು. ಅದು ಬಳಸುವ ಅಪ್ಪಣೆಗಳ ಪಟ್ಟಿ ‘ರಿಸ್ಕ್-ಫೈವ್’. 2010ರಲ್ಲಿ ಶುರುವಾದ ಇದೂ ಅದೇ ಬರ್ಕ್ಲಿಯ ಕೂಸು. ಇದನ್ನು ಬಳಸಿ ಪ್ರೊಸೆಸರ್ ಕಟ್ಟಲು ಯಾರಿಗೂ ರಾಯಧನ ಕೊಡಬೇಕಿಲ್ಲ, ಯಾರ ಅಪ್ಪಣೆಯೂ ಬೇಡ. ತೀರಾ ಮೂಲದ ಪಟ್ಟಿಯಲ್ಲಿರುವುದು ಸುಮಾರು 40 ಅಪ್ಪಣೆ. ಸ್ಯಾಪ್-1ರ ಐದು ಅಪ್ಪಣೆ ಅರಗಿಸಿಕೊಂಡವನಿಗೆ 40 ದೂರವಲ್ಲ. ತಂತಿ ಚುಚ್ಚಿ ಮೊದಲ ಯಂತ್ರ ಮಾಡಿದ ಮೇಲೆ, ಮುಂದಿನದನ್ನು ಎಫ್‌ಪಿಜಿಎ ಅನ್ನುವ ಬೋರ್ಡಿನ ಮೇಲೆ ಮಾಡಬಹುದು. ಅದರೊಳಗೆ ಗೇಟುಗಳ ರಾಶಿಯೇ ಇರುತ್ತೆ. ಹೇಗೆ ಜೋಡಿಸಬೇಕು ಅಂತ ವೆರಿಲಾಗ್ ಭಾಷೆಯಲ್ಲಿ ಬರೆದು ಇಳಿಸಿದರೆ ಆಯಿತು. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು.

ಬಿಲ್ಲೆ, ತಂತಿ, ಬ್ರೆಡ್‌ಬೋರ್ಡು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸಿಗುತ್ತವೆ. ಕಾಲೇಜಿನವರು ಎರಡನೇ ವರ್ಷದ ಮಕ್ಕಳನ್ನು ನಾಲ್ಕು ನಾಲ್ಕು ಜನರ ತಂಡ ಮಾಡಿ, ವರ್ಷ ಮುಗಿಯುವುದರೊಳಗೆ ತಂಡಕ್ಕೊಂದು ಸ್ಯಾಪ್ ಕಟ್ಟಬೇಕು ಅಂತ ಮಾಡಿದರೆ ಸಾಕು. ರೆಕಾರ್ಡಿಗೆ ಕೊಡುವ ಮಾರ್ಕನ್ನು ದೀಪ ಹತ್ತಿದ್ದಕ್ಕೆ ಕೊಡಲಿ. ದೀಪವನ್ನು ನಕಲು ಮಾಡಲು ಬರುವುದಿಲ್ಲವಲ್ಲ!

ಕಾಲೇಜು ಮಾಡದಿದ್ದರೆ ಮಕ್ಕಳೇ ಮಾಡಿಕೊಳ್ಳಲಿ. ಮಗ ಅಥವಾ ಮಗಳು ಊಟದ ಮೇಜಿನ ಮೇಲೆ ಬಣ್ಣ ಬಣ್ಣದ ತಂತಿ ಹರಡಿಕೊಂಡು, ಮೀಟರು ಹಿಡಿದು, ರಾತ್ರಿ ಹನ್ನೊಂದಾದರೂ ‘ಇಲ್ಲಿ ಸೊನ್ನೆ ಯಾಕೆ ಬಂತು’ ಅಂತ ಗೊಣಗುತ್ತಿದ್ದರೆ ಮನೆಯವರು ಬೈಯದಿರುವುದು ಒಳ್ಳೆಯದು. ಕಟ್ಟಿದ ಫೀಸು ವಸೂಲಾಗುತ್ತಿರುವುದು ಆ ಹೊತ್ತಿನಲ್ಲೇ.